ಕೋಟೆ ಕಂದಕದಲ್ಲಿ ನಿಂತುಹೋದ ಉದ್ಯಾನ: ಮತ್ತೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮೂರಿನ ಹಳೆಯ ಕೋಟೆ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ಕೋಟೆಯ ಕಂದಕ ಮತ್ತು ಅದರಾಚೆಯ ಬಯಲನ್ನು ಸೇರಿಸಿ ಪುರಸಭೆ ಸಾರ್ವಜನಿಕ ಉದ್ಯಾನ ಮಾಡಲು ಹೊರಟಿತ್ತು. ನಕ್ಷೆಯಲ್ಲಿ ಹುಲ್ಲುಹಾಸು, ವಾಕಿಂಗ್ ಪಾಥ್, ಸಂಗೀತ ಕಾರಂಜಿ, ತಿಂಡಿ ಮಳಿಗೆಗಳು, ದೊಡ್ಡ ಕಮಾನು ಎಲ್ಲವೂ ಇದ್ದವು. ಜೆಸಿಬಿ ಬಂದು ತಳಪಾಯದ ಗುಂಡಿ ತೋಡಿದ ಮೇಲೆ ಪುರಾತತ್ವ ಇಲಾಖೆಯ ನೋಟಿಸು ಬಂತು, ಕೆಲಸ ನಿಂತಿತು. ಎರಡು ಮಳೆಗಾಲ ಕಳೆದರೂ ಗುಂಡಿಗಳು ಹಾಗೇ ಇವೆ. ಕಂದಕದ ತುಂಬ ಜಾಲಿ ಬೆಳೆದಿದೆ, ಊರಿನ ಚರಂಡಿ ನೀರೂ ಅಲ್ಲಿಗೇ ಬರುತ್ತಿದೆ. ಈ ಯೋಜನೆ ಮತ್ತೆ ಶುರುವಾಗುವ ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಈಗಿರುವ ನಕ್ಷೆಯಂತೆ ಆಗುವುದಿಲ್ಲ. ಅದೇ ನಕ್ಷೆ ಹಿಡಿದು ಒತ್ತಾಯ ಮಾಡಿದಷ್ಟೂ ಕಡತ ಇನ್ನಷ್ಟು ಹಿಂದೆ ಬೀಳುತ್ತದೆ. ಇಂಥ ಯೋಜನೆಗಳು ಬಹುತೇಕ ಒಂದೇ ಕಾರಣಕ್ಕೆ ನಿಲ್ಲುತ್ತವೆ. ಯಾವ ನೆಲ ಯಾರದು, ಅಲ್ಲಿ ಏನು ಮಾಡಬಹುದು ಎಂದು ಗೊತ್ತುಮಾಡಿಕೊಳ್ಳುವ ಮೊದಲೇ ನಕ್ಷೆ ಬರೆದು, ಅಂದಾಜು ಪಟ್ಟಿ ಮಾಡಿ, ಟೆಂಡರ್ ಕರೆದಿರುತ್ತಾರೆ. ಅನುಮತಿಯ ಮಾತು ಬರುವುದು ನೆಲ ಅಗೆದ ಮೇಲೆ. ಆ ಕ್ರಮವನ್ನು ತಿರುಗಿಸುವುದೇ ಈಗ ಆಗಬೇಕಾದ ಕೆಲಸ.

ಅದಕ್ಕೂ ಮುಂಚೆ ಆ ಗುಂಡಿಗಳನ್ನು ನೋಡಿಕೊಳ್ಳಬೇಕು. ಅನುಮತಿ ತಡವಾದರೆ ಹೆಚ್ಚಿನ ನಷ್ಟವಿಲ್ಲ. ಆದರೆ ಗೋಡೆಯ ಬುಡದಲ್ಲಿ ತೆರೆದ ಗುಂಡಿ ಇನ್ನೊಂದು ಮಳೆಗಾಲ ಕಂಡರೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು. ಗುಂಡಿಯಲ್ಲಿ ನಿಂತ ನೀರು ಪಕ್ಕಕ್ಕೆ ಇಳಿದು ಗೋಡೆಯ ತಳದ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಸುಣ್ಣದ ಗಾರೆಯೊಳಗಿನ ಸುಣ್ಣವನ್ನು ನಿಧಾನವಾಗಿ ತೊಳೆದುಹಾಕುತ್ತದೆ. ಬೀದರಿನ ಕೋಟೆಯಂತೆ ಜಂಬಿಟ್ಟಿಗೆ ಕಲ್ಲಿನ ನೆಲವಾದರೆ ಕಲ್ಲೇ ನೀರು ಹೀರಿ ಮೆದುವಾಗುತ್ತದೆ. ಗುಂಡಿಯ ಅಂಚು ಕುಸಿದಂತೆಲ್ಲ ಶತಮಾನಗಳಿಂದ ಪದರ ಪದರವಾಗಿ ಕೂತ ಮಣ್ಣು ಕಲಸಿಹೋಗುತ್ತದೆ. ಕೋಟೆಯ ಚರಿತ್ರೆ ಓದಲು ಪುರಾತತ್ವಜ್ಞರಿಗೆ ಬೇಕಾಗಿರುವುದು ಆ ಪದರಗಳ ಕ್ರಮವೇ.

ಗುಂಡಿ ಮುಚ್ಚುವುದಕ್ಕೂ ಒಂದು ವಿಧಾನವಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಂದರೆ ಎಎಸ್‌ಐನ ಸ್ಥಳೀಯ ಸಂರಕ್ಷಣಾ ಸಹಾಯಕರ ಎದುರಿನಲ್ಲೇ ಈ ಕೆಲಸ ಆಗಬೇಕು. ಮೊದಲು ಪ್ರತಿ ಗುಂಡಿಯ ನಾಲ್ಕೂ ಬದಿಯ ಫೋಟೊವನ್ನು ಅಳತೆಕೋಲು ಇಟ್ಟು ತೆಗೆಯಬೇಕು. ಕಲ್ಲುಕಟ್ಟಡ, ಇಟ್ಟಿಗೆ, ಮಡಕೆ ಚೂರು ಕಂಡರೆ ಗುರುತು ಹಾಕಬೇಕು. ನೀರು ಹೊರಹಾಕಿ ನೆಲ ಆರಿದ ಮೇಲೆ ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಕೃತಕ ನಾರಿನ ಹಾಸು) ಹಾಸಿ, ಅದರ ಮೇಲೆ ಐದು ಸೆಂ.ಮೀ. ತೊಳೆದ ಮರಳು ಹರಡಬೇಕು. ಮುಂದೆ ಯಾರೇ ಅಗೆದರೂ ಹಳೆಯ ನೆಲ ಇಲ್ಲಿಂದ ಕೆಳಗೆ ಎಂದು ಆ ಬಟ್ಟೆಯಿಂದ ತಿಳಿಯುತ್ತದೆ. ಆಮೇಲೆ ಅದೇ ಗುಂಡಿಯಿಂದ ತೆಗೆದ ಮಣ್ಣನ್ನು ಹದಿನೈದು ಸೆಂ.ಮೀ. ಪದರಗಳಲ್ಲಿ ತುಂಬಿ ಕೈದಿಮ್ಮಸಿನಿಂದ ಬಡಿಯಬೇಕು. ಕಾಂಕ್ರೀಟ್ ಚೂರು, ಕಟ್ಟಡದ ಅವಶೇಷ ತುಂಬಬಾರದು. ಗೋಡೆಯ ಹತ್ತಿರ ಕಂಪನದ ರೋಲರ್ ತರಬಾರದು. ಮೇಲ್ಮೈ ಗೋಡೆಯಿಂದ ಹೊರಕ್ಕೆ 50ಕ್ಕೆ 1ರಷ್ಟು ಇಳಿಜಾರಾಗಿರಲಿ. ಈ ಕೆಲಸಕ್ಕಾಗಿ ಪುರಸಭೆಯ ಮುಖ್ಯಾಧಿಕಾರಿಗೆ ಪ್ರತ್ಯೇಕ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ಎಎಸ್‌ಐ ವಲಯ ಕಚೇರಿಗೆ ಕಳಿಸಿ. ಕರ್ನಾಟಕಕ್ಕೆ ಬೆಂಗಳೂರು, ಧಾರವಾಡ, ಹಂಪಿ ಎಂದು ಮೂರು ವಲಯಗಳಿವೆ. ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಉದ್ಯಾನದ ಮಾತನ್ನು ಈ ಅರ್ಜಿಯಲ್ಲಿ ಎತ್ತಬೇಡಿ. ಎರಡನ್ನೂ ಬೆರೆಸಿದರೆ ಗುಂಡಿ ಮುಚ್ಚುವ ಕೆಲಸವೂ ಉದ್ಯಾನದ ಕಡತದ ಜೊತೆಗೇ ನಿಲ್ಲುತ್ತದೆ.

ಇನ್ನು ಗಡಿಯ ವಿಚಾರ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಮಿತಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ಪುರಸಭೆಗಳು ಸಾಮಾನ್ಯವಾಗಿ ಎಡವುವುದು ಅಳತೆ ಶುರು ಮಾಡುವ ಜಾಗದಲ್ಲಿ. ಎಂಜಿನಿಯರರು ಟೇಪನ್ನು ಕೋಟೆಯ ಗೋಡೆಗೆ ಹಿಡಿಯುತ್ತಾರೆ. ಕಾಯ್ದೆ ಹೇಳುವುದು ಸಂರಕ್ಷಿತ ಪ್ರದೇಶದ ಮಿತಿಯನ್ನು. ಅಧಿಸೂಚನೆಯಲ್ಲಿ ಕಂದಕದ ಸರ್ವೆ ನಂಬರೂ ಸೇರಿದ್ದರೆ ಕಂದಕವೂ ಸ್ಮಾರಕದ ಭಾಗ, ನೂರು ಮೀಟರ್ ಎಣಿಕೆ ಶುರುವಾಗುವುದು ಕಂದಕದ ಹೊರ ಅಂಚಿನಾಚೆಯಿಂದ. ಆಗ ನಿಮ್ಮ ಬಯಲಿನ ಬಹುಭಾಗ ನಿಷೇಧಿತ ಪ್ರದೇಶದೊಳಗೆ ಬೀಳಬಹುದು. ಸೇರಿರದಿದ್ದರೆ ಚಿತ್ರವೇ ಬೇರೆ.

ಹಾಗಾಗಿ ಮೊದಲು ಕೈಗೆ ಬರಬೇಕಾದ ಕಾಗದ ಸ್ಮಾರಕವನ್ನು ಸಂರಕ್ಷಿತವೆಂದು ಘೋಷಿಸಿದ ಗೆಜೆಟ್ ಅಧಿಸೂಚನೆ ಮತ್ತು ಅದರೊಂದಿಗಿನ ಸರ್ವೆ ನಂಬರು, ಚಕ್ಕುಬಂದಿ. ಅದನ್ನು ಎಎಸ್‌ಐಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕೆಲಸ ನಿಲ್ಲಿಸಿದ ನೋಟಿಸಿನ ಪ್ರತಿಯನ್ನೂ, ಅದಕ್ಕೆ ಪುರಸಭೆ ಕೊಟ್ಟ ಉತ್ತರವನ್ನೂ ಕೇಳಿ. ಉತ್ತರವನ್ನೇ ಕೊಟ್ಟಿಲ್ಲ ಎಂದು ತಿಳಿದುಬಂದರೆ ಆಶ್ಚರ್ಯಪಡಬೇಡಿ. ಪುರಸಭೆಗೆ ಬೇರೆ ಅರ್ಜಿ ಹಾಕಿ: ಡಿಪಿಆರ್ (ವಿವರವಾದ ಯೋಜನಾ ವರದಿ), ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಇಲ್ಲಿಯವರೆಗಿನ ಬಿಲ್ಲುಗಳು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕದೆ ಎರಡು ಮೂರು ಅರ್ಜಿಗಳಾಗಿ ಒಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.

ಭೂದಾಖಲೆ ಇಲಾಖೆಯಿಂದ ಗ್ರಾಮ ನಕಾಶೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ರೇಖಾಚಿತ್ರ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಪಹಣಿ ತೆಗೆಸಿ. ಕಂದಕಗಳು ಪಹಣಿಯಲ್ಲಿ ‘ಬ’ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ) ಎಂದೋ ಬರೀ ‘ಸರ್ಕಾರಿ’ ಎಂದೋ ಕಾಣುವುದುಂಟು. ಪುರಸಭೆ ಅದನ್ನು ತನ್ನ ಜಾಗ ಎಂದುಕೊಂಡಿರುತ್ತದೆ, ಕಂದಾಯ ಇಲಾಖೆ ತನ್ನದು ಎನ್ನುತ್ತದೆ, ಎಎಸ್‌ಐ ಅಧಿಸೂಚನೆ ತೋರಿಸುತ್ತದೆ. ಪಹಣಿಯಲ್ಲಿ ಯಾರ ಹೆಸರಿದ್ದರೂ ಅಧಿಸೂಚನೆಯ ನಿರ್ಬಂಧ ನಿಲ್ಲುತ್ತದೆ ಎಂಬುದನ್ನು ಪುರಸಭೆ ಸದಸ್ಯರಿಗೆ ಬಿಡಿಸಿ ಹೇಳಬೇಕು. ಒಡೆತನ ಬೇರೆ, ಸಂರಕ್ಷಣೆ ಬೇರೆ. ಇದು ಬಗೆಹರಿಯುವುದು ಜಂಟಿ ಸರ್ವೆಯಿಂದ ಮಾತ್ರ. ತಹಶೀಲ್ದಾರ್, ಭೂಮಾಪಕರು, ಎಎಸ್‌ಐ ಪ್ರತಿನಿಧಿ, ಪುರಸಭೆ ಎಂಜಿನಿಯರ್ ನಾಲ್ವರೂ ಒಂದೇ ದಿನ ಸ್ಥಳದಲ್ಲಿದ್ದು, ಗಡಿಕಲ್ಲು ನೆಟ್ಟು, ಪಂಚನಾಮೆಗೆ ಸಹಿ ಹಾಕಬೇಕು. ಸಂರಕ್ಷಿತ, ನಿಷೇಧಿತ, ನಿಯಂತ್ರಿತ ಪ್ರದೇಶಗಳ ಸರ್ವೆ ಮಾಡಿಸುವ ಹೊಣೆಯನ್ನು ಕಾಯ್ದೆಯ 35ಎ ಕಲಮು ಎಎಸ್‌ಐ ಮೇಲೆಯೇ ಹೊರಿಸಿದೆ. ನಿಮ್ಮ ಮನವಿಯಲ್ಲಿ ಆ ಕಲಮನ್ನು ಕಾಣಿಸಿ.

ಗಡಿ ಗೊತ್ತಾದ ಮೇಲೆ ಹಳೆಯ ನಕ್ಷೆಯ ಮೇಲೆ ಮೂರು ಬಣ್ಣ ಹಾಕಿ, ಪ್ರತಿಯೊಂದು ಅಂಶ ಯಾವ ಬಣ್ಣದಲ್ಲಿ ಬೀಳುತ್ತದೆ ಎಂದು ನೋಡಿ. ಸ್ಮಾರಕದ ಸಂರಕ್ಷಿತ ಮಿತಿಯೊಳಗೆ 19ನೇ ಕಲಮಿನಂತೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಕಟ್ಟುವಂತಿಲ್ಲ, ಅಗೆಯುವಂತಿಲ್ಲ. ಅಲ್ಲಿ ಹಸಿರು ಬೇಕಾದರೆ ಎಎಸ್‌ಐನ ಸ್ವಂತ ತೋಟಗಾರಿಕೆ ಶಾಖೆ ಮಾಡಬೇಕು. ಹಣ ಹೊರಗಿನಿಂದ ಬರುವುದಾದರೆ 1996ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿಯ ಒಪ್ಪಂದದ ಮೂಲಕ, ಇಲ್ಲವೇ 2023ರಲ್ಲಿ ಹೊಸ ರೂಪದಲ್ಲಿ ಬಂದ ಸ್ಮಾರಕ ದತ್ತು ಯೋಜನೆಯ ಮೂಲಕ ಬರಬಹುದು. ಪುರಸಭೆ ನೇರವಾಗಿ ಟೆಂಡರ್ ಕರೆಯುವ ಜಾಗ ಅದಲ್ಲ.

ನಿಷೇಧಿತ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ‘ಇದು ಸಾರ್ವಜನಿಕ ಕೆಲಸ’ ಎಂಬ ವಾದವೂ ನಡೆಯದು. ಸಾರ್ವಜನಿಕರಿಗೆ ಅಗತ್ಯವಾದ ಯೋಜನೆಗೂ ಅಲ್ಲಿ ಅನುಮತಿ ಕೊಡಬಾರದೆಂದು 20ಎ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹೀಗಾಗಿ ಕಮಾನು, ತಿಂಡಿ ಮಳಿಗೆ, ಬಯಲು ರಂಗಮಂದಿರ, ಕಾಂಪೌಂಡ್ ಗೋಡೆ ಇವು ಅಲ್ಲಿಂದ ಹೊರಗೆ ಹೋಗಲೇಬೇಕು. ಆದರೆ ಇದೇ ಕಾಯ್ದೆಯಲ್ಲಿ ಬಹಳ ಜನ ಓದದ ಒಂದು ವ್ಯಾಖ್ಯೆ ಇದೆ. ಚರಂಡಿ ನಿರ್ಮಾಣ ಮತ್ತು ನಿರ್ವಹಣೆ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕರಿಗೆ ನೀರು ಮತ್ತು ವಿದ್ಯುತ್ ಪೂರೈಸುವ ಕೆಲಸಗಳನ್ನು ‘ನಿರ್ಮಾಣ’ ಎಂಬ ಪದದ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ. ನಿಮ್ಮ ಯೋಜನೆಗೆ ಜೀವ ಬರುವುದು ಇಲ್ಲಿಂದಲೇ. ಕಂದಕಕ್ಕೆ ಬೀಳುತ್ತಿರುವ ಊರಿನ ಕೊಳಚೆಯನ್ನು ತಡೆದು ತಿರುಗಿಸುವ ಚರಂಡಿ, ಕುಡಿಯುವ ನೀರು, ಶೌಚಾಲಯ, ದೀಪದ ಸಂಪರ್ಕ ಇವನ್ನು ಮೊದಲ ಹಂತವಾಗಿ ಬೇರ್ಪಡಿಸಿ. ಹಾಗೆಂದು ಎಎಸ್‌ಐಗೆ ತಿಳಿಸದೆ ಶುರು ಮಾಡಬಾರದು. ಸಂರಕ್ಷಿತ ಮಿತಿಯೊಳಗೆ ಕಾಲಿಡುವುದಿಲ್ಲ, ಅಗೆತ ಇಷ್ಟೇ ಆಳ ಎಂದು ನಕ್ಷೆಸಹಿತ ಬರೆದು, ಅವರ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನವೇ ಮುಗಿದುಹೋಗುತ್ತದೆ.

ನಿಯಂತ್ರಿತ ಪ್ರದೇಶದಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಬೇಕು, ಅರ್ಜಿ ಹೋಗುವುದು ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ. ಅರ್ಜಿ ಬಂದ 15 ದಿನದಲ್ಲಿ ಅದು ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು, ಅಲ್ಲಿಂದ ಎರಡು ತಿಂಗಳಲ್ಲಿ ಶಿಫಾರಸು ಬರಬೇಕು, ಮುಂದಿನ ಒಂದು ತಿಂಗಳಲ್ಲಿ ಆದೇಶ ಆಗಬೇಕು. ಕಾಗದ ಸರಿ ಇದ್ದರೆ ನಾಲ್ಕು ತಿಂಗಳೊಳಗಿನ ಮಾತು. ತಡವಾಗುವುದು ಅರ್ಜಿಯ ಕೊರತೆಗಳಿಂದ: ಭೂದಾಖಲೆಗೂ ನಕ್ಷೆಗೂ ಸರ್ವೆ ನಂಬರು ಹೊಂದದಿರುವುದು, ಕಟ್ಟಡದ ಒಟ್ಟು ಎತ್ತರದಲ್ಲಿ ನೀರಿನ ಟ್ಯಾಂಕನ್ನು ಬಿಟ್ಟುಬಿಡುವುದು, ಸ್ಮಾರಕದಿಂದ ದೂರವನ್ನು ಉಪಗ್ರಹ ಚಿತ್ರದ ಮೇಲೆ ತೋರಿಸದಿರುವುದು, ಅಡ್ಡಕೊಯ್ತದ ನಕ್ಷೆ ಲಗತ್ತಿಸದಿರುವುದು. ಮಳಿಗೆ, ವಾಹನ ನಿಲುಗಡೆ, ಮಕ್ಕಳ ಆಟದ ಸಾಧನಗಳಿಗೆ ಈ ನಿಯಂತ್ರಿತ ಪ್ರದೇಶವೇ ಸರಿಯಾದ ಜಾಗ.

ಸಂಗೀತ ಕಾರಂಜಿಯನ್ನು ಯಾವ ಬಣ್ಣದಲ್ಲೂ ಇಡಬೇಡಿ ಎಂಬುದು ನಮ್ಮ ಸಲಹೆ. ಅದಕ್ಕೆ ಆಳದ ತೊಟ್ಟಿ, ಪಂಪ್ ಕೋಣೆ ಬೇಕು, ಗಾಳಿಗೆ ತುಂತುರು ಹಾರುತ್ತದೆ. ನೋಡಲು ಬಂದವರ ಬೆನ್ನು ಕೋಟೆಯ ಕಡೆಗಿರುತ್ತದೆ.

ವಾಕಿಂಗ್ ಪಾಥ್ ಸಂರಕ್ಷಿತ ಮಿತಿಯ ಹೊರಗೇ ಇರಲಿ. ಸಂರಕ್ಷಿತ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರುತ್ತವೆ, ಕೆಲವಕ್ಕೆ ಟಿಕೆಟ್ ಇದೆ, ಅನುಮತಿಸಿದ ಜಾಗ ಬಿಟ್ಟು ಬೇರೆಡೆ ತಿನ್ನುವುದಕ್ಕೂ ಮಾರುವುದಕ್ಕೂ ಇದೇ ಕಾಯ್ದೆಯಡಿ ಬಂದ 1959ರ ನಿಯಮಗಳಲ್ಲಿ ನಿಷೇಧವಿದೆ. ಬೆಳಗ್ಗೆ ಐದೂವರೆಗೆ ನಡೆಯಲು ಬರುವವರಿಗೂ ಸಂಜೆ ಕತ್ತಲಾದ ಮೇಲೆ ಮಕ್ಕಳನ್ನು ಕರೆತರುವವರಿಗೂ ಆ ವೇಳೆ ಹೊಂದುವುದಿಲ್ಲ. ಇದನ್ನು ಮೊದಲೇ ಯೋಚಿಸದಿದ್ದರೆ ಉದ್ಯಾನ ಉದ್ಘಾಟನೆಯಾದ ವಾರದಲ್ಲೇ ಗೇಟಿನ ಹತ್ತಿರ ಜಗಳ ಶುರುವಾಗುತ್ತದೆ.

ಈಗ ವಿನ್ಯಾಸ. ಐತಿಹಾಸಿಕ ನೆಲದಲ್ಲಿ ಉದ್ಯಾನವನ್ನು ನೆಲದ ಮೇಲೆ ಇಡಬೇಕು, ನೆಲದೊಳಗೆ ತೋಡಬಾರದು. ಮರಕ್ಕೆಂದು ಸಾಮಾನ್ಯವಾಗಿ ತೆಗೆಯುವ ಒಂದು ಮೀಟರ್ ಘನದ ಗುಂಡಿ ಇಲ್ಲಿ ಬೇಡ. ಬಟ್ಟೆ ಮತ್ತು ಮರಳಿನ ಪದರದ ಮೇಲೆ ಹೊರಗಿನಿಂದ ತಂದ ಮಣ್ಣು ಏರಿಸಿ: ಹುಲ್ಲಿಗೆ 15ರಿಂದ 20 ಸೆಂ.ಮೀ., ಪೊದೆಗಳಿಗೆ 45 ಸೆಂ.ಮೀ., ಸಣ್ಣ ಮರಗಳಿಗೆ ಸುಮಾರು ಒಂದು ಮೀಟರ್ ಎತ್ತರದ ದಿಬ್ಬ. ಈ ಮಣ್ಣು ಗೋಡೆಗೆ ತಾಗಬಾರದು; ಬುಡದಿಂದ ಕನಿಷ್ಠ ಮೂರು ಮೀಟರ್ ಬಿಡಿ. ಗೋಡೆಗೆ ಒತ್ತಿ ಮಣ್ಣು ಏರಿಸಿದರೆ ತೇವ ನೇರವಾಗಿ ಕಲ್ಲಿಗೆ ಹತ್ತಿ, ಒಣಗುವಾಗ ಉಪ್ಪು ಮೇಲೆ ಬಂದು ಕಲ್ಲಿನ ಮೈ ಚಕ್ಕೆಯೇಳುತ್ತದೆ. ಸಿಮೆಂಟ್ ಬಳಿದು ಅದನ್ನು ಮುಚ್ಚಿದರೆ ತೇವ ಒಳಗೇ ಸಿಕ್ಕಿಬಿದ್ದು ಹಾನಿ ಇನ್ನೂ ಹೆಚ್ಚುತ್ತದೆ.

ಹುಲ್ಲುಹಾಸಿನ ಬಗ್ಗೆ ಒಂದು ಲೆಕ್ಕ ನೋಡಿ. ಬೇಸಿಗೆಯಲ್ಲಿ ದಿನಕ್ಕೆ ಐದು ಮಿ.ಮೀ. ನೀರೆಂದರೆ ಚದರ ಮೀಟರಿಗೆ ಐದು ಲೀಟರ್. ಒಂದು ಎಕರೆಗೆ ಸುಮಾರು 20,000 ಲೀಟರ್. ದಿನವೂ ಅಷ್ಟು ನೀರು ಗೋಡೆಯ ಪಕ್ಕದ ನೆಲಕ್ಕೆ ಇಳಿಯುತ್ತದೆ, ಅದೂ ಕುಡಿಯುವ ನೀರಿಗೇ ಕೊರತೆ ಇರುವ ಊರಿನಲ್ಲಿ. ಕೋಟೆಯ ಕಡೆ ಹುಲ್ಲುಹಾಸು ಬೇಡ. ಮಳೆಯಲ್ಲಿ ಹಸಿರಾಗಿ ಬೇಸಿಗೆಯಲ್ಲಿ ಒಣಗುವ ಸ್ಥಳೀಯ ಹುಲ್ಲನ್ನು ಬಿಟ್ಟು, ಹೊರ ಅಂಚಿನಲ್ಲಿ ಮಾತ್ರ ನೆರಳಿನ ಮರ ಬೆಳೆಸಿ. ಆಲ, ಅರಳಿ, ಗೋಣಿ ಯಾವುದನ್ನೂ ಹಚ್ಚಬೇಡಿ. ಹಕ್ಕಿಗಳು ಅವುಗಳ ಬೀಜವನ್ನು ಗೋಡೆಯ ಸಂದಿಗೆ ತರುತ್ತವೆ, ಬೇರು ಕಲ್ಲನ್ನೇ ಎತ್ತುತ್ತದೆ. ಬೇವು, ಹೊಂಗೆ ಆದರೂ ಗೋಡೆಯಿಂದ ಹದಿನೈದು ಮೀಟರ್ ದೂರವಿರಲಿ.

ಕಂದಕದಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯನ್ನು ಜೆಸಿಬಿಯಿಂದ ಕೀಳಿಸಬಾರದು, ಬೇರಿನ ಜೊತೆ ಕಲ್ಲೂ ಮಣ್ಣಿನ ಪದರವೂ ಕಿತ್ತುಬರುತ್ತವೆ. ಬೇರೆ ನೆಲದಲ್ಲಾದರೆ ನೆಲದ ಕೆಳಗೆ ಒಂದು ಅಡಿ ಅಗೆದು ಬುಡ ಕತ್ತರಿಸುತ್ತಾರೆ, ಇಲ್ಲವಾದರೆ ಅದು ಮತ್ತೆ ಚಿಗುರುತ್ತದೆ. ಇಲ್ಲಿ ಹಾಗೆ ಅಗೆಯುವಂತಿಲ್ಲವಾದ್ದರಿಂದ ನೆಲಮಟ್ಟಕ್ಕೆ ಗರಗಸದಿಂದ ಕೊಯ್ದು, ಕೊಯ್ದ ಕೂಡಲೇ ಕಾಂಡದ ಮೇಲೆ ಕಳೆನಾಶಕ ಹಚ್ಚಿ, ಚಿಗುರು ಬಂದಾಗಲೆಲ್ಲ ಮತ್ತೆ ಕೊಯ್ಯಬೇಕು. ಒಮ್ಮೆ ಸ್ವಚ್ಛ ಮಾಡಿ ಫೋಟೊ ತೆಗೆಸಿಕೊಂಡು ಬಿಟ್ಟರೆ ಮುಂದಿನ ಮಳೆಗೆ ಎರಡು ಪಟ್ಟು ಚಿಗುರುತ್ತದೆ. ನಿರ್ವಹಣೆಯ ಕರಾರಿನಲ್ಲಿ ಕನಿಷ್ಠ ಎರಡು ವರ್ಷ ಇದನ್ನು ಸೇರಿಸಿ. ಕಂದಕ ಸಂರಕ್ಷಿತ ಮಿತಿಯೊಳಗಿದ್ದರೆ ಇದೂ ಎಎಸ್‌ಐ ಮೂಲಕವೇ ಆಗಬೇಕು.

ಕಂದಕವನ್ನು ತುಂಬಿಸಿ ಸಮತಟ್ಟು ಮಾಡುವ ಸಲಹೆ ಯಾರಾದರೂ ತಂದರೆ ಒಪ್ಪಬೇಡಿ. ಒಂದೇ ಮಳೆಗೆ 50 ಮಿ.ಮೀ. ಬಿದ್ದರೆ ಒಂದು ಎಕರೆಯಿಂದ ಎರಡು ಲಕ್ಷ ಲೀಟರ್ ನೀರು ಹರಿಯುತ್ತದೆ. ಕಂದಕ ಇಲ್ಲವಾದರೆ ಆ ನೀರೆಲ್ಲ ಗೋಡೆಯ ಬುಡಕ್ಕೋ ಪಕ್ಕದ ಓಣಿಯ ಮನೆಗಳಿಗೋ ನುಗ್ಗುತ್ತದೆ.

ನಡಿಗೆ ದಾರಿಗೆ ಗರಸು ಸಾಕು. ಎರಡು ಮೀಟರ್ ಅಗಲ, ಬಡಿದ ಮೇಲೆ 15 ಸೆಂ.ಮೀ. ದಪ್ಪ ಎಂದರೆ ನೂರು ಮೀಟರಿಗೆ 30 ಘನ ಮೀಟರ್; ಬಡಿದಾಗ ಕುಗ್ಗುವುದರಿಂದ ಸಡಿಲ ಗರಸು 37-38 ಘನ ಮೀಟರ್ ತರಿಸಬೇಕು. ಅಂಚುಕಲ್ಲುಗಳನ್ನು ಕಾಲುವೆ ತೋಡಿ ಹೂಳದೆ ಮೇಲೆಯೇ ಕೂರಿಸಿ. ಗಾಲಿಕುರ್ಚಿಗೆ 12ಕ್ಕೆ 1ಕ್ಕಿಂತ ಕಡಿದಾದ ಇಳಿಜಾರು ಬೇಡ. ದೀಪದ ಕಂಬಗಳಿಗೆ ಗುತ್ತಿಗೆದಾರರು ಮೀಟರಿಗೂ ಹೆಚ್ಚು ಆಳದ ಗುಂಡಿ ತೋಡುತ್ತಾರೆ; ಬದಲಿಗೆ ಮೊಣಕಾಲೆತ್ತರದ ದೀಪಗಳನ್ನು ನೆಲದ ಮೇಲಿಟ್ಟ ಕಾಂಕ್ರೀಟ್ ದಿಮ್ಮಿಗೆ ಬಿಗಿಯಬಹುದು, ತಂತಿಯನ್ನು ದಾರಿಯ ಗರಸಿನೊಳಗೇ ಕೊಳವೆಯಲ್ಲಿ ಒಯ್ಯಬಹುದು. ಕೋಟೆಯ ಗೋಡೆಗೆ ಒಂದು ಮೊಳೆಯೂ ಬೇಡ.

ಹಣದ ವಿಷಯದಲ್ಲಿ, ಹಳೆಯ ಗುತ್ತಿಗೆಯನ್ನು ಅಂತಿಮ ಅಳತೆ ಮಾಡಿಸಿ ಮುಕ್ತಾಯಗೊಳಿಸದೆ ಹೊಸ ಟೆಂಡರ್ ಕರೆಯಲಾಗದು. ಹಳೆಯ ದರಪಟ್ಟಿಯ ಅಂದಾಜೂ ಈಗ ಚಲಾವಣೆಯಲ್ಲಿರುವುದಿಲ್ಲ. ಹಂತಗಳಾಗಿ ಒಡೆಯುವಾಗ, ಟೆಂಡರ್ ಮಿತಿ ತಪ್ಪಿಸಲು ಒಡೆದಿದ್ದಾರೆ ಎಂಬ ಆಕ್ಷೇಪ ಸರ್ಕಾರಿ ಖರೀದಿ, ಟೆಂಡರುಗಳಿಗೆ ಅನ್ವಯಿಸುವ ಕರ್ನಾಟಕದ 1999ರ ಪಾರದರ್ಶಕತಾ ಕಾಯ್ದೆಯಡಿ ಬರಬಹುದು. ಪ್ರತಿ ಹಂತದ ಅನುಮತಿ ಬೇರೆ ಬೇರೆಯಾದ್ದರಿಂದ ಒಡೆದಿದ್ದೇವೆ ಎಂದು ಕೌನ್ಸಿಲ್ ಠರಾವಿನಲ್ಲೇ ಕಾರಣ ಬರೆಸಿ.

ಎಲ್ಲ ಕೂಡಿಬಂದರೂ ಇದು ಒಂದು ವರ್ಷದ ಕೆಲಸವಲ್ಲ. ದೆಹಲಿಯ ಸುಂದರ್ ನರ್ಸರಿಯ ಸುಮಾರು 90 ಎಕರೆಯಲ್ಲಿ ಮೊಘಲರ ಕಾಲದ ಗೋರಿಗಳನ್ನು ಉಳಿಸಿಕೊಂಡೇ ಉದ್ಯಾನ ಮಾಡಿದ್ದಾರೆ. ಆಗಾ ಖಾನ್ ಟ್ರಸ್ಟ್, ಎಎಸ್‌ಐ, ಕೇಂದ್ರ ಲೋಕೋಪಯೋಗಿ ಇಲಾಖೆ ಮತ್ತು ದೆಹಲಿ ನಗರಪಾಲಿಕೆ ಒಪ್ಪಂದಕ್ಕೆ ಸಹಿ ಹಾಕಿದ್ದು 2007ರಲ್ಲಿ, ಜನರಿಗೆ ಬಾಗಿಲು ತೆರೆದದ್ದು 2018ರಲ್ಲಿ. ಅಲ್ಲಿಂದ ನೀವು ಕಲಿಯಬೇಕಾದದ್ದು ಅದರ ವಿಸ್ತಾರವಲ್ಲ, ಮೊದಲೇ ಆದ ಆ ಒಪ್ಪಂದ. ಎಎಸ್‌ಐ, ಪುರಸಭೆ, ಕಂದಾಯ ಇಲಾಖೆ ನಡುವೆ ಯಾರು ಯಾವ ಜಾಗಕ್ಕೆ ಹೊಣೆ, ಮಾಲಿಗಳ ಸಂಬಳ ಯಾರದು, ಬೀಗದ ಕೈ ಯಾರ ಬಳಿ ಎಂಬುದು ಎರಡು ಪುಟದಲ್ಲಿ ಬರೆದಾಗಿದ್ದರೆ ಸಾಕು. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಸಭೆ ಕರೆಸಿ, ಅದರ ನಡಾವಳಿಯಲ್ಲಿ ಇದನ್ನು ದಾಖಲು ಮಾಡಿಸಿ.

ಕೆಲಸ ಮತ್ತೆ ಶುರುವಾದಾಗ ಹಳೆಯ ಕಟ್ಟಡದ ಸಾಲು, ಶಾಸನ, ನಾಣ್ಯ, ಗುಂಡು ಏನೇ ಕಂಡರೂ ಆ ಜಾಗದಲ್ಲಿ ಕೆಲಸ ನಿಲ್ಲಿಸಿ, ವಸ್ತುವನ್ನು ಎತ್ತದೆ, ಸುತ್ತ ಹಗ್ಗ ಕಟ್ಟಿ, ಎಎಸ್‌ಐಗೂ ತಹಶೀಲ್ದಾರರಿಗೂ ಅದೇ ದಿನ ತಿಳಿಸಬೇಕೆಂಬ ಷರತ್ತನ್ನು ಟೆಂಡರಿನಲ್ಲೇ ಹಾಕಿಸಿ. ಹಾಗೆ ನಿಂತ ದಿನಗಳಿಗೆ ಗುತ್ತಿಗೆದಾರನಿಗೆ ದಂಡವಿಲ್ಲ, ಅವಧಿ ವಿಸ್ತರಣೆ ಸಿಗುತ್ತದೆ ಎಂದೂ ಬರೆಸಿ. ಈ ಎರಡನೆಯ ಸಾಲು ಇಲ್ಲದಿದ್ದರೆ ಸಿಕ್ಕ ವಸ್ತುವನ್ನು ರಾತ್ರೋರಾತ್ರಿ ಮಣ್ಣು ಮಾಡಿ ಕೆಲಸ ಮುಂದುವರಿಸುತ್ತಾರೆ.